ಜೈಲಿಗೆ ಹೋಗುವ ಮ್ಯಾನೇಜರು

ನಮ್ಮ ದೇಶದಲ್ಲಿ ಜನರ ಆರೋಗ್ಯ ಕಾಯುವುದಕ್ಕೆ ಎಷ್ಟು ಮಂದಿ ಇದ್ದಾರೆಂದರೆ, ಕಾಯಿಲೆಯವರಿಗಿಂತ ಅವರೇ ಹೆಚ್ಚು. ಒಬ್ಬ ಮಂತ್ರಿ ಬಂದು ಹೋಟೆಲುಗಳಿಗೆ ಕೊಡುವ ಹಾಗೆ ವಿಮಾ ಕಂಪನಿಗಳಿಗೆ ನಕ್ಷತ್ರ ಕೊಟ್ಟ. ಇನ್ನೊಬ್ಬ ಬಂದು ನಕ್ಷತ್ರ ಕಿತ್ತು, ಆಸ್ಪತ್ರೆಯ ಬಾಗಿಲಲ್ಲಿ ನಗುವ ಮುಖದ್ದೊಂದು, ಅಳುವ ಮುಖದ್ದೊಂದು ಗುಂಡಿ ಇಡಿಸಿದ. ಜನ ಒತ್ತಿ ಅಭಿಪ್ರಾಯ ಹೇಳಬೇಕಂತೆ. ನಮ್ಮೂರಿನಲ್ಲಿ ಅಳುವ ಮುಖದ ಗುಂಡಿ ಮೂರೇ ದಿನಕ್ಕೆ ಸವೆದು ಕೆಟ್ಟುಹೋಯಿತು, ಅಂದಿನಿಂದ ಎಲ್ಲರೂ ನಗುತ್ತಿದ್ದಾರೆ ಎಂದು ರಾಜಧಾನಿಗೆ ವರದಿ ಹೋಯಿತು. ಮೂರನೆಯವನು ಪರದೇಶದ ತಜ್ಞರನ್ನು ಕರೆಸಿ, ಪುರಸಭೆಯ ಸಭಾಂಗಣದಲ್ಲಿ ‘ಆರೋಗ್ಯ ನಿಯಂತ್ರಣದ ಹೊಸ ದಾರಿಗಳು’ ಎಂದು ಎರಡು ದಿನ ಭಾಷಣ ಮಾಡಿಸಿದ. ಊಟಕ್ಕೆ ಬಟಾಣಿ ತುಂಬಿ ಇಡಿಯಾಗಿ ಬೇಯಿಸಿದ ಹಂದಿ ಇತ್ತು. ತಜ್ಞರು ಎರಡೆರಡು ಸಲ ಬಡಿಸಿಕೊಂಡು, ಸೆಕೆ ತಾಳದೆ ಮೂರು ಗಂಟೆಯ ಬಸ್ಸಿಗೇ ಹೊರಟುಹೋದರು.

ಕೊನೆಗೆ ಈ ಎಲ್ಲ ಕಾವಲುಗಾರರ ಕೆಲಸ ಬಂದು ಬಿದ್ದದ್ದು ನನ್ನ ಛತ್ರಿಯ ಕೆಳಗೆ. ನನ್ನ ಹೆಸರು ಬೆಲಾರ್ಮಿನೊ ಒವಿಯೆದೊ. ಎನ್ಸಿನಾಲ್ ಪಟ್ಟಣದ ನ್ಯಾಯಾಲಯದ ಮೆಟ್ಟಿಲ ಪಕ್ಕದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಹತ್ತೊಂಬತ್ತು ವರ್ಷದಿಂದ ತುತೇಲಾ ಬರೆಯುತ್ತಿದ್ದೇನೆ. ತುತೇಲಾ ಎಂದರೆ ವಕೀಲರ ಹಂಗಿಲ್ಲದೆ ನೇರವಾಗಿ ನ್ಯಾಯಾಧೀಶರಿಗೆ ಕೊಡುವ ಅರ್ಜಿ: ನನ್ನ ಜೀವ ಹೋಗುತ್ತಿದೆ, ಕಂಪನಿ ಔಷಧ ಕೊಡುತ್ತಿಲ್ಲ, ಕೊಡಿಸಿ. ಹತ್ತು ದಿನದೊಳಗೆ ತೀರ್ಪು ಬರಲೇಬೇಕು, ಬರುತ್ತದೆ ಕೂಡ. ನಮ್ಮಲ್ಲಿ ಮೂತ್ರಪಿಂಡಕ್ಕೂ ತುತೇಲಾ, ಕನ್ನಡಕಕ್ಕೂ ತುತೇಲಾ, ಹಾಸಿಗೆ ಹಿಡಿದ ಮುದುಕರ ಡೈಪರಿಗೂ ತುತೇಲಾ. ವೈದ್ಯರು ಚೀಟಿ ಬರೆದು ಕೈಗಿಡುವಾಗಲೇ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಹೇಳುವ ಬದಲು, ಮೊದಲು ಬೆಲಾರ್ಮಿನೊ ಹತ್ತಿರ ಹೋಗಿ ಎನ್ನುತ್ತಾರೆ.

ತೀರ್ಪು ಬಂದ ಮಾತ್ರಕ್ಕೆ ಔಷಧ ಬರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮೂರಿನ ಪೂಜಾರಿ ‘ವೀದಾ ಸೆರೆನಾ’ ಎಂಬ ವಿಮಾ ಕಂಪನಿ. ಹಾಗೆಂದರೆ ನೆಮ್ಮದಿಯ ಬದುಕು ಎಂದರ್ಥ. ಯಾರ ನೆಮ್ಮದಿ ಎಂದು ಕೇಳಬಾರದು. ನ್ಯಾಯಾಧೀಶರು ನಲವತ್ತೆಂಟು ಗಂಟೆಯೊಳಗೆ ಔಷಧ ಕೊಡಿ ಎಂದರೆ ಅದು ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತದೆ. ಆಗ ನಾನು ಎರಡನೆಯ ಅರ್ಜಿ ಬರೆಯುತ್ತೇನೆ: ಆಜ್ಞೆ ಮೀರಿದ್ದಾರೆ, ಜವಾಬ್ದಾರ ಅಧಿಕಾರಿಯನ್ನು ಬಂಧಿಸಿ. ಆ ಅರ್ಜಿಯ ಕೊನೆಯ ಪ್ಯಾರಾ ನನ್ನ ಸ್ವಂತದ್ದು, ಓದಿದರೆ ಕಲ್ಲಿಗೂ ರೋಷ ಬರುತ್ತದೆ. ಆ ಒಂದು ಪ್ಯಾರಾದಿಂದ ಮೂವತ್ತೆಂಟು ಸಲ ವೀದಾ ಸೆರೆನಾದ ಮ್ಯಾನೇಜರನ್ನು ಒಳಗೆ ಹಾಕಿಸಿದ್ದೇನೆ. ಯಾವ ರೋಗಿಗಾಗಿ, ಯಾವ ತಾರೀಕು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೆಟ್ಟಿಲ ಆ ಬದಿಗೆ ಕೂರುವ ಟೈಪಿಸ್ಟುಗಳಿಬ್ಬರೂ ದಂಡಪಿಂಡಗಳು, ಇಬ್ಬರದೂ ಸೇರಿಸಿದರೆ ಒಂಬತ್ತು ದಾಟುವುದಿಲ್ಲ.

ನನ್ನ ಛತ್ರಿಯ ಪಕ್ಕದಲ್ಲೇ ಕುಸ್ತೋದಿಯಾ ಯಾತೆ ಬಾಳೆ ಎಲೆಯಲ್ಲಿ ಕಟ್ಟಿದ ತಮಾಲ್ ಮಾರುತ್ತಾಳೆ. ಅಕ್ಕಿ, ಬಟಾಣಿ, ಕೋಳಿ ಎಲ್ಲ ಒಂದೇ ಗಂಟಿನಲ್ಲಿ ಬೆಂದಿರುತ್ತದೆ. ನ್ಯಾಯಾಧೀಶರಿಂದ ಹಿಡಿದು ಬೇಡಿ ಹಾಕಿಸಿಕೊಂಡು ಬರುವ ಕಳ್ಳನವರೆಗೆ ಎಲ್ಲರೂ ಅವಳ ಗಿರಾಕಿಗಳೇ. ಅವಳ ಗಂಡ ಎರ್ಮೋಹೆನೆಸ್ ಮಗ್ದಲೇನಾ ನದಿಯ ಬೆಸ್ತರಿಗೆ ಬೀಸುಬಲೆ ಹೆಣೆದು ಕೊಡುವವನು. ಅವನ ಬಲಗಣ್ಣು ಹೋದ ವರ್ಷವೇ ಹೋಗಿತ್ತು. ಈ ಸಲ ಎಡಗಣ್ಣಿಗೂ ಅದೇ ಕಾಯಿಲೆ. ಕಣ್ಣೊಳಗೆ ಕೊಡುವ ಚುಚ್ಚುಮದ್ದು ಮೂರು ಸಲ ಬೀಳಬೇಕು, ಮೊದಲನೆಯದು ಆರು ವಾರದೊಳಗೆ ಬೀಳದಿದ್ದರೆ ಇದೂ ಹೋಯಿತು ಎಂದು ಕಣ್ಣಿನ ಡಾಕ್ಟರಮ್ಮ ಖಡಾಖಂಡಿತ ಹೇಳಿ ಕಳಿಸಿದ್ದರು. ಕಂಪನಿಯವರು ಅರ್ಜಿ ಪರಿಶೀಲನೆಯಲ್ಲಿದೆ ಎಂದರು. ನಾನು ತುತೇಲಾ ಬರೆದೆ, ಗೆದ್ದೆ. ಚುಚ್ಚುಮದ್ದು ಬರಲಿಲ್ಲ. ಎರಡನೆಯ ಅರ್ಜಿ ಬರೆದೆ, ಅದನ್ನೂ ಗೆದ್ದೆ. ನಾಲ್ಕನೆಯ ವಾರ ಮುಗಿಯುವ ಹೊತ್ತಿಗೆ ಪೊಲೀಸರು ಹೋಗಿ ಮ್ಯಾನೇಜರನ್ನು ಮೂರು ದಿನಕ್ಕೆ ಎಳೆದೊಯ್ದರು.

ಅವತ್ತು ಕುಸ್ತೋದಿಯಾ ನನಗೆ ಎರಡು ತಮಾಲ್ ಕೊಟ್ಟು ಬೆನ್ನು ತಟ್ಟಿದಳು.

“ಮೂವತ್ತೊಂಬತ್ತನೇದು, ದೋನ್ಯಾ ಕುಸ್ತೋದಿಯಾ,” ಎಂದು ನಾನು ನೋಟ್‌ಬುಕ್ ತೋರಿಸಿದೆ.

“ನಿಮ್ಮ ಬೆರಳಿಗೆ ಚಿನ್ನ ಕಟ್ಟಿಸ್ಬೇಕು ದೋನ್ ಬೆಲಾರ್ಮಿನೊ. ಅದು ಸರಿ, ಸೂಜಿ ಯಾವಾಗ ಬರತ್ತೆ?”

“ಬಿಸಿ ಮುಟ್ಟಿದೆಯಲ್ಲ, ಈಗ ಓಡಿ ಬರತ್ತೆ ನೋಡ್ತಿರಿ.”

ಅದು ಓಡಿ ಬರಲಿಲ್ಲ, ನಡೆದೂ ಬರಲಿಲ್ಲ. ಐದನೆಯ ವಾರ ಶುರುವಾಯಿತು. ಎರ್ಮೋಹೆನೆಸ್ ಬಲೆಯ ಕಣ್ಣುಗಳನ್ನು ಬೆರಳಿನಿಂದ ಎಣಿಸತೊಡಗಿದ್ದ. ಒಂದು ಬೆಳಿಗ್ಗೆ ಕಾಫಿ ಲೋಟ ಎಂದು ಉಪ್ಪಿನ ಡಬ್ಬಿಗೆ ಕೈ ಹಾಕಿದನಂತೆ. ಕುಸ್ತೋದಿಯಾ ಅದನ್ನು ನಗುತ್ತಲೇ ಹೇಳಿದಳು, ಆಮೇಲೆ ನನಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಾ ಬಹಳ ಹೊತ್ತು ತಿರುಗಲೇ ಇಲ್ಲ. ಆದರೂ ನನ್ನ ಪ್ಯಾರಾದ ಮೇಲೆ ಅನುಮಾನ ಬರಲಿಲ್ಲ. ಮ್ಯಾನೇಜರನೇ ದಪ್ಪ ಚರ್ಮದವನು ಎಂದುಕೊಂಡೆ. ಅವನ ಹೆಸರು ವಿಲ್ಡರ್ ತಪಿಯೆರೊ. ಕಳೆದ ಎರಡು ವರ್ಷದಲ್ಲಿ ನಾನು ಒಳಗೆ ಹಾಕಿಸಿದ್ದೆಲ್ಲ ಅದೇ ಹೆಸರಿನವನನ್ನೇ. ಹನ್ನೆರಡು ಸಲ ಜೈಲು ಕಂಡರೂ ಬುದ್ಧಿ ಬರದವನು ಎಂಥ ಮನುಷ್ಯನಿರಬೇಕು ಎಂದು ಅವನ ಮುಖವನ್ನು ಮನಸ್ಸಿನಲ್ಲೇ ಬರೆದುಕೊಂಡಿದ್ದೆ: ಬೊಜ್ಜು, ಬಂಗಾರದ ಗಡಿಯಾರ, ತಣ್ಣನೆಯ ಕಾರು.

ಇನ್ನು ಒಂಬತ್ತೇ ದಿನ ಉಳಿದಿದ್ದಾಗ, ಬೆಳಗಿನ ಹತ್ತು ಗಂಟೆಗೆ, ಸಣಕಲು ಮನುಷ್ಯನೊಬ್ಬ ಕುಸ್ತೋದಿಯಾಳ ಮುಂದೆ ನಿಂತು ತಮಾಲ್ ಕೇಳಿದ. ಕಾಲರಿನ ಕೆಳಗೆ ಎಲಾಸ್ಟಿಕ್ ಹಾಕಿದ ರೆಡಿಮೇಡ್ ಟೈ. ಕೈಯಲ್ಲೊಂದು ಬಟ್ಟೆ ಚೀಲ, ಅದರಿಂದ ಹಲ್ಲುಜ್ಜುವ ಬ್ರಷ್ಷು, ಮಡಿಚಿದ ದುಪ್ಪಟಿ ಇಣುಕುತ್ತಿದ್ದವು.

“ಊರಿಗೆ ಹೊರಟ್ಯಾ ಮಗಾ?” ಎಂದಳು ಕುಸ್ತೋದಿಯಾ.

“ಇಲ್ಲ ಅಮ್ಮಾ, ಠಾಣೆಗೆ ಹೋಗಿದ್ದೆ. ಇವತ್ತು ಪಕ್ಕದೂರು ಸ್ಯಾನ್ ಲೂಯಿಸ್ ಕಡೆಯ ಕೇಸಲ್ಲಿ ಹಿಡೀತಾರೆ ಅಂತ ಇತ್ತು. ಹೋದ್ರೆ ಸಾಹೇಬ್ರು ಇಲ್ಲ, ಮುಂದಿನ ವಾರ ಬಾ ಅಂದ್ರು. ಹೋದ ವಾರ ಮೂರು ದಿನ ಇದ್ದೆನಲ್ಲ, ಅಲ್ಲಿ ಊಟ ಸೇರಲ್ಲ ನಂಗೆ. ಇವತ್ತು ಬಿಟ್ರಲ್ಲ, ಇಲ್ಲೇ ತಿಂದ್ಕೊಂಡು ಹೋಗ್ತೀನಿ.”

“ಅಯ್ಯೋ, ಏನು ಕದ್ದೆ?”

“ಕದಿಯೋದೇನು ಬಂತು. ನಾನು ವೀದಾ ಸೆರೆನಾದ ಮ್ಯಾನೇಜರು.”

ಕುಸ್ತೋದಿಯಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಾನು ಸ್ಟೂಲಿನಿಂದ ಎದ್ದೆ.

“ವಿಲ್ಡರ್ ತಪಿಯೆರೊ?”

“ಹೌದು ಸಾರ್. ನೀವು ದೋನ್ ಬೆಲಾರ್ಮಿನೊ ಅಲ್ವಾ?” ಎಂದು ಅವನು ಕೈ ಮುಂದೆ ಮಾಡಿದ. “ನಿಮ್ಮ ಅರ್ಜಿ ಎಲ್ಲಾ ಓದಿದೀನಿ. ಕೊನೇ ಪ್ಯಾರಾ ಭಾಳ ಚೆನ್ನಾಗಿರತ್ತೆ. ಹಗಲು ಹೊತ್ತಲ್ಲಿ ಬೇಜಾರಾದ್ರೆ ಕಾನ್ಸ್ಟೇಬಲ್‌ಗೂ ಓದಿ ಹೇಳ್ತೀನಿ.”

ಕುಸ್ತೋದಿಯಾ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ನನ್ನನ್ನೂ ಹಾಗೇ ನೋಡಿದಳು.

“ಇವ್ನಾ ನಿಮ್ಮ ಮ್ಯಾನೇಜರು? ಇವನ್ನ ಹಿಡಿಸೋಕೆ ಹತ್ತೊಂಬತ್ತು ವರ್ಷ ಟೈಪ್ ಹೊಡೆದ್ರಾ? ನನ್ನ ಕೋಳಿ ಕೂಡ ಇವನಿಗಿಂತ ಜೋರಾಗಿದೆ!”

ವಿಲ್ಡರ್‌ಗೆ ಬೇಸರವಾಗಲಿಲ್ಲ. ಸ್ಟೂಲಿನ ಮೇಲೆ ಕೂತು ಎಲೆ ಬಿಚ್ಚುತ್ತಾ ತನ್ನ ಕಥೆ ಹೇಳಿದ. ಮೊದಲು ಅವನು ಕಂಪನಿಯ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಹೊರುತ್ತಿದ್ದ. ಬೆನ್ನು ಹಿಡಿದುಕೊಂಡಿತು. ಮನೆಗೆ ಕಳಿಸುವ ಬದಲು ಒಂದು ಟೈ ಕೊಟ್ಟು, ಕಿಟಕಿ ಇಲ್ಲದ ಕೋಣೆಯಲ್ಲಿ ಕೂರಿಸಿ, ‘ನ್ಯಾಯಾಲಯದ ಆದೇಶಗಳ ಪಾಲನೆಯ ಮ್ಯಾನೇಜರ್’ ಎಂದು ಬಾಗಿಲಿಗೆ ಬೋರ್ಡು ಹಾಕಿದರು. ಕೆಲಸ ಏನೂ ಇಲ್ಲ. ಪೊಲೀಸರು ಬಂದಾಗ ಎದ್ದು ಹೋಗಬೇಕು, ಅಷ್ಟೇ. ಅವನಿಗಿಂತ ಮುಂಚೆ ದೋನ್ ಎಫ್ರಾಯಿನ್ ಇದ್ದರಂತೆ. ಅವರು ಅದಕ್ಕೂ ಮೊದಲು ಕಂಪನಿಯ ಗೇಟಿನ ವಾಚ್‌ಮನ್ ಆಗಿದ್ದವರು.

“ನಮ್ಮಮ್ಮಂಗೆ ಜೈಲಿನ ವಿಷಯ ಗೊತ್ತಿಲ್ಲ,” ಎಂದ. “ಟೂರ್ ಹೋಗ್ತಾನೆ ಅಂದ್ಕೊಂಡಿದಾಳೆ. ಬೀದಿಯಲ್ಲೆಲ್ಲ ಮಗ ಮ್ಯಾನೇಜರು ಅಂತ ಹೇಳ್ಕೊಂಡು ಓಡಾಡ್ತಾಳೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾನು ಸಾವಿರ ಸಲ ಹೇಳಿರಬಹುದು. ಬರೆ ಹಾಕುತ್ತಿದ್ದ ಕೈ ನನ್ನದೇ ಎಂದು ಗೊತ್ತಾದದ್ದು ಅವತ್ತು. ನಾನು ಹಲ್ಲು ಕಚ್ಚಿ ಕೇಳಿದೆ:

“ನಿಮ್ಮನ್ನ ಹಿಡಿದ ಮೇಲಾದ್ರೂ ಔಷಧ ಕಳಿಸ್ತಾರೆ ತಾನೆ?”

ವಿಲ್ಡರ್ ಬಾಯಲ್ಲಿದ್ದ ತುತ್ತು ನುಂಗಿ, ಇಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿದ.

“ಇಲ್ಲ ಸಾರ್. ಹಿಡಿದ ಮೇಲೆ ಫೈಲ್ ಮುಚ್ತಾರೆ. ಕಂಪ್ಯೂಟರಲ್ಲಿ ‘ಶಿಕ್ಷೆ ಜಾರಿಯಾಗಿದೆ’ ಅಂತ ಹೊಡೆದ್ರೆ ಹಸಿರು ಆಗತ್ತೆ. ಹಸಿರಾದ್ಮೇಲೆ ಅದನ್ನ ಯಾರೂ ತೆಗೆಯಲ್ಲ. ನಿಮ್ಮ ಅರ್ಜಿ ಬಂದ್ರೆ ಆಫೀಸಲ್ಲಿ ಖುಷಿ. ಆ ಕಡೆ ಟೈಪಿಸ್ಟುಗಳು ಬಂಧಿಸಿ ಅಂತ ಬರೆಯೋದೇ ಅಪರೂಪ, ಕೊಡಿ ಕೊಡಿ ಅಂತ ತಿಂಗಳುಗಟ್ಟಲೆ ಪೀಡಿಸ್ತಾರೆ, ಕೊನೆಗೆ ಕೊಡ್ಲೇಬೇಕಾಗತ್ತೆ. ನಿಮ್ದಾದ್ರೆ ಮೂರು ದಿನಕ್ಕೆ ಮುಗೀತದೆ.”

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆ ದಂಡಪಿಂಡಗಳಿಬ್ಬರು ಮೆಟ್ಟಿಲ ಆಚೆ ಕೂತು ಬೆಪ್ಪಾಗಿ ಆಕಳಿಸುತ್ತಿದ್ದರು. ಅವರಿಗೆ ರೋಷದ ಪ್ಯಾರಾ ಬರೆಯಲು ಬಾರದು, ಅದಕ್ಕೇ ಅವರ ರೋಗಿಗಳಿಗೆ ಔಷಧ ಸಿಕ್ಕಿತ್ತು. ನಾನು ಜಾಣ. ಮೂವತ್ತೊಂಬತ್ತು ಜನರ ಫೈಲನ್ನು ನನ್ನ ಕೈಯಾರೆ, ಚಂದದ ಭಾಷೆಯಲ್ಲಿ ಮುಚ್ಚಿಸಿದ್ದೆ. ಮಂತ್ರಿಗಳನ್ನೂ ತಜ್ಞರನ್ನೂ ಇಷ್ಟು ವರ್ಷ ಉಗಿಯುತ್ತಿದ್ದ ಬಾಯಿ ಒಣಗಿಹೋಯಿತು. ಅವರಾದರೂ ಹಂದಿ ತಿಂದು ಬಸ್ಸು ಹತ್ತಿದ್ದರು, ಯಾರ ಕಣ್ಣನ್ನೂ ಕಿತ್ತಿರಲಿಲ್ಲ.

ಕುಸ್ತೋದಿಯಾ ನನ್ನನ್ನು ಬಿಟ್ಟು ವಿಲ್ಡರ್‌ನತ್ತ ತಿರುಗಿದಳು. 

“ಹಂಗಾದ್ರೆ ನಮ್ಮೆಜಮಾನ್ರ ಫೈಲೂ ಹಸಿರಾಯ್ತಾ?” ಎಂದು ವಿಲ್ಡರ್‌ನನ್ನು ಮೆಲ್ಲಗೆ ಕೇಳಿದಳು.

“ಬಲೆ ಹೆಣೆಯೋರದ್ದಾ? ಹೌದಮ್ಮಾ. ಹೋದ ವಾರಾನೇ.”

ನನಗೆ ಸಿಟ್ಟು ಬಂದರೆ ಓದುವ ಅಭ್ಯಾಸ. ಎರ್ಮೋಹೆನೆಸನ ಕೇಸಿನ ಕಾಗದದ ಕಟ್ಟು ತೆಗೆದು ಮೊದಲಿನಿಂದ ಓದತೊಡಗಿದೆ. ಅದರಲ್ಲಿ ವಿಲ್ಡರ್‌ನ ನೇಮಕಪತ್ರದ ನಕಲು ಇತ್ತು. ಪ್ರತಿ ಕೇಸಿನಲ್ಲೂ ಕಂಪನಿ ಅದನ್ನು ಲಗತ್ತಿಸುತ್ತದೆ. ನಾನು ಅದರಿಂದ ಹೆಸರು, ಗುರುತಿನ ಸಂಖ್ಯೆ ಎರಡನ್ನೇ ಎತ್ತಿಕೊಂಡು ಉಳಿದದ್ದನ್ನು ತಿರುವಿ ಹಾಕುತ್ತಿದ್ದೆ. ವಾಣಿಜ್ಯ ಮಂಡಳಿಯಲ್ಲಿ ನೋಂದಣಿಯಾದ ಪತ್ರ, ನಾಲ್ಕು ಮೊಹರು. ಅದರ ಎರಡನೆಯ ಪುಟದಲ್ಲಿ ಹೀಗಿತ್ತು: ‘ಸದರಿ ಮ್ಯಾನೇಜರರು ನ್ಯಾಯಾಲಯದ ಆದೇಶಗಳನ್ನು ಪಾಲಿಸಲು, ಅದಕ್ಕೆ ಬೇಕಾದ ಔಷಧ, ಶಸ್ತ್ರಚಿಕಿತ್ಸೆ, ಉಪಕರಣಗಳಿಗೆ ಮಂಜೂರಾತಿ ನೀಡಲು ಸಂಪೂರ್ಣ ಹಾಗೂ ಸ್ವತಂತ್ರ ಅಧಿಕಾರ ಹೊಂದಿರುತ್ತಾರೆ.’

“ಇದನ್ನ ಯಾಕೆ ಹಿಂಗೆ ಬರೆದಿದಾರೆ?” ಎಂದೆ.

“ದೋನ್ ಎಫ್ರಾಯಿನ್ ಕಾಲದಲ್ಲಿ ಒಬ್ರು ನ್ಯಾಯಾಧೀಶರು, ಅಧಿಕಾರ ಇಲ್ದವನನ್ನ ನಾನು ಜೈಲಿಗೆ ಹಾಕಲ್ಲ, ದೊಡ್ಡ ಮ್ಯಾನೇಜರೇ ಬರಲಿ ಅಂದ್ರಂತೆ. ಅದಕ್ಕೇ ಅಧಿಕಾರ ಇದೆ ಅಂತ ಬರೆಸಿದ್ರು.”

“ಅಂದ್ರೆ ಇದೆ!”

“ಏನು ಇದೆ?”

“ಅಧಿಕಾರ ಇದೆ ಕಣಯ್ಯಾ, ಪೆದ್ದೇ! ಕಾಗದದಲ್ಲಿದೆ. ನಾಲ್ಕು ಮೊಹರು ಬಿದ್ದಿದೆ. ನೀನು ಸಹಿ ಹಾಕಿದ್ರೆ ಚುಚ್ಚುಮದ್ದು ಕೊಡ್ಲೇಬೇಕು.”

ವಿಲ್ಡರ್ ತಮಾಲ್ ಎಲೆಯನ್ನು ಮಡಿಚಿ ಮಡಿಚಿ ಸಣ್ಣದು ಮಾಡಿದ. ಅವನ ಹಣೆಯಲ್ಲಿ ಬೆವರು ಬಂದಿತ್ತು.

“ಕೂತ್ಕೋ ಅಂದಿದಾರೆ ಸಾರ್. ಸಹಿ ಹಾಕು ಅಂತ ಹೇಳಿಲ್ಲ.”

“ಹಾಕ್ಬೇಡ ಅಂತ ಹೇಳಿದಾರಾ?”

“ಅದೂ ಹೇಳಿಲ್ಲ. ನಾನು ಹಾಕ್ತೀನಿ ಅಂತ ಅವರಿಗೆ ತೋಚೇ ಇಲ್ಲ.” ಮಡಿಚಿದ ಎಲೆಯನ್ನು ಕೆಳಗಿಟ್ಟ. “ಕೆಲಸ ಹೋಗತ್ತೆ. ಅಮ್ಮಂಗೆ ಏನ್ ಹೇಳ್ಲಿ? ಮ್ಯಾನೇಜರು ಅಂತ ಊರೆಲ್ಲ ಸಾರಿದಾಳೆ.”

ಕುಸ್ತೋದಿಯಾ ಸೌಟು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು ಅವನ ಎದುರಿಗೆ ಕೂತಳು.

“ನೋಡು ಮಗಾ. ಕೊಡದೇ ಇದ್ದಿದ್ದಕ್ಕೆ ಇಷ್ಟು ಸಲ ಜೈಲಿಗೆ ಹೋಗಿ ಬಂದೆ. ಕೊಡದೇ ಇದ್ದೋನು ನೀನಲ್ಲ, ಆದ್ರೂ ಹೋದೆ. ನಿಮ್ಮಮ್ಮ ಊರೆಲ್ಲ ಸುಳ್ಳು ಹೇಳ್ಕೊಂಡು ತಿರುಗ್ತಿದಾಳೆ, ಪಾಪ, ಅವಳಿಗೆ ಅದು ಸುಳ್ಳು ಅಂತಾನೂ ಗೊತ್ತಿಲ್ಲ. ಒಂದಿನ, ಒಂದೇ ಒಂದಿನ ನಿಜವಾಗ್ಲೂ ಮ್ಯಾನೇಜರಾಗು. ಅವಳ ಮಾತು ನಿಜ ಆಗ್ಲಿ.”

ವಿಲ್ಡರ್ ಬೂಟಿನ ಧೂಳು ಒರೆಸಿಕೊಂಡ. ಆಮೇಲೆ ಟೈ ಸರಿಮಾಡಿಕೊಂಡ.

“ಪೆನ್ನು ಇದೆಯಾ?” ಎಂದ.

ಕಂಪನಿ ಮ್ಯಾನೇಜರನಿಗೆ ಒಂದು ಪೆನ್ನನ್ನೂ ಕೊಟ್ಟಿರಲಿಲ್ಲ.

ನಾನು ಮಂಜೂರಾತಿ ಪತ್ರ ಟೈಪ್ ಮಾಡಿದೆ. ಒಂದಲ್ಲ, ಮೂರೂ ಚುಚ್ಚುಮದ್ದಿಗೆ ಸೇರಿಸಿ ಬರೆದೆ. ರೋಷದ ಒಂದು ಪದವೂ ಇಲ್ಲದ, ಬೇಳೆ ಬೆಲ್ಲದ ಚೀಟಿಯಷ್ಟು ಸಪ್ಪೆಯಾದ ಪತ್ರ. ನಮ್ಮ ದೇಶದಲ್ಲಿ ಯಾರೂ ಮನುಷ್ಯನನ್ನು ನಂಬುವುದಿಲ್ಲ, ಮೊಹರನ್ನು ನಂಬುತ್ತಾರೆ. ಹಾಗಾಗಿ ಮೂವರೂ ನೋಟರಿ ಬಳಿ ಹೋಗಿ, ವಿಲ್ಡರ್‌ನ ಹೆಬ್ಬೆಟ್ಟು ಒತ್ತಿಸಿ, ಫೋಟೊ ತೆಗೆಸಿ, ಸಹಿ ಅವನದೇ ಎಂದು ಬರೆಸಿಕೊಂಡೆವು. ಅಲ್ಲಿಂದ ವೀದಾ ಸೆರೆನಾದ ಔಷಧ ಕೌಂಟರಿಗೆ. ಅಲ್ಲಿ ಕೂತಿದ್ದ ಹೆಂಗಸು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಕಾಗದ ನೋಡಿದಳು, ಕಂಪ್ಯೂಟರ್ ನೋಡಿದಳು.

“ಈ ಫೈಲ್ ಹಸಿರಾಗಿದೆಯಲ್ಲ.”

“ಹಸಿರಾಗಿದ್ರೆ ಏನಂತೆ?” ಎಂದ ವಿಲ್ಡರ್. ಅವನ ದನಿ ನಡುಗುತ್ತಿತ್ತು, ಆದರೆ ಜೋರಾಗಿತ್ತು. “ಆದೇಶ ಪಾಲನೆಯ ಮ್ಯಾನೇಜರ್ ನಾನು. ನಾನು ಹೇಳ್ತಿದೀನಿ, ತೆಗೀರಿ.”

ಟೈ ಕಟ್ಟಿದವರನ್ನೆಲ್ಲ ಡಾಕ್ಟರೇ ಎನ್ನುವ ಊರು ನಮ್ಮದು. ಅವಳು ಒಂದು ಸಲ ಟೈ ನೋಡಿದಳು, ಮೊಹರುಗಳನ್ನು ಎಣಿಸಿದಳು.

“ಆಯ್ತು ಡಾಕ್ಟರೇ,” ಎಂದು ಎದ್ದು ಒಳಗೆ ಹೋದಳು.

ಮೂರೂ ಚುಚ್ಚುಮದ್ದು ಮಂಜುಗಡ್ಡೆಯ ಡಬ್ಬದಲ್ಲಿ ಬಂದವು. ಒಂದೊಂದೂ ನನ್ನ ಕಿರುಬೆರಳಿಗಿಂತ ಚಿಕ್ಕ ಸೀಸೆ. ಅದಕ್ಕಾಗಿ ಐದು ವಾರ ಮೂರು ಕಚೇರಿ, ಒಬ್ಬ ನ್ಯಾಯಾಧೀಶ, ಎರಡು ಜೀಪು ಪೊಲೀಸರು ಕೆಲಸ ಮಾಡಿದ್ದರು. ಅದೇ ಮಧ್ಯಾಹ್ನ ಡಾಕ್ಟರಮ್ಮ ಎರ್ಮೋಹೆನೆಸನ ಕಣ್ಣಿಗೆ ಮೊದಲ ಸೂಜಿ ಹಾಕಿ, ತಡವಾಗಿಲ್ಲ, ಈ ಕಣ್ಣು ಉಳಿಯುತ್ತದೆ ಎಂದರು. ಕುಸ್ತೋದಿಯಾ ಆಸ್ಪತ್ರೆಯ ಬಾಗಿಲಲ್ಲೇ ವಿಲ್ಡರ್‌ನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ಟೈ ಹಿಡಿದುಕೊಂಡು ನಿಂತಿದ್ದ. ನಾನೂ ಕಣ್ಣೊರೆಸಿಕೊಂಡೆ. ಸುಳ್ಳೇಕೆ ಹೇಳಲಿ, ಮೂವತ್ತೊಂಬತ್ತು ಬಂಧನಗಳಲ್ಲಿ ಯಾವತ್ತೂ ಹಾಗೆ ಆಗಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಕಂಪನಿಯ ವಕೀಲ ಉರ್ದಾನೆತಾ ನನ್ನ ಛತ್ರಿಯ ಕೆಳಗೆ ಬಂದ. ಅವನ ಟೈ ರೇಷ್ಮೆಯದು. ವಿಲ್ಡರ್ ನನ್ನ ಪಕ್ಕದ ಸ್ಟೂಲಿನಲ್ಲಿ ಮುದುಡಿ ಕೂತಿದ್ದ. ಕಚೇರಿಗೆ ಹೋಗಲು ಅವನಿಗೆ ಧೈರ್ಯ ಸಾಲದು.

“ಇದು ವಂಚನೆ,” ಎಂದ ಉರ್ದಾನೆತಾ. “ಈ ಮನುಷ್ಯನಿಗೆ ಯಾವ ಅಧಿಕಾರವೂ ಇಲ್ಲ. ನಿಮ್ಮಿಬ್ಬರ ಮೇಲೂ ಕೇಸು ಹಾಕ್ತೀವಿ.”

“ಹಾಕಿ ಡಾಕ್ಟರೇ,” ಎಂದೆ. “ಬೇಕಾದ್ರೆ ನಾನೇ ಟೈಪ್ ಮಾಡಿಕೊಡ್ತೀನಿ. ಇದೇ ಮೆಟ್ಟಿಲು ಹತ್ತಿ, ಇವನನ್ನ ಹನ್ನೆರಡು ಸಲ ಜೈಲಿಗೆ ಕಳಿಸಿದ ನ್ಯಾಯಾಧೀಶರ ಎದುರಿಗೇ ನಿಂತು, ಇವನಿಗೆ ಅಧಿಕಾರವೇ ಇರಲಿಲ್ಲ, ಹಿಡಿದುಕೊಂಡು ಹೋಗಲಿ ಅಂತ ಕೂರಿಸಿದ್ವಿ ಅಂತ ಹೇಳಿ. ನಾನು ಮೊದಲ ಸಾಲಿನಲ್ಲಿ ಕೂರ್ತೀನಿ. ತಮಾಲ್ ತಿನ್ಕೊಂಡು ಕೇಳ್ತೀನಿ.”

ಅವನ ಮುಖ ಹುಳ್ಳಗಾಯಿತು.

“ನೇಮಕಪತ್ರ ಬದಲಾಯಿಸ್ತೀವಿ,” ಎಂದ ಕೊನೆಗೆ. “ಇವತ್ತೇ ಅರ್ಜಿ ಕೊಡ್ತಿದೀವಿ.”

“ವಾಣಿಜ್ಯ ಮಂಡಳಿಯಲ್ಲಿ ನೋಂದಣಿಗೆ ನಾಲ್ಕು ಕೆಲಸದ ದಿನ,” ಎಂದೆ. ಅಲ್ಲಿನ ನಿಯಮ ನನಗೆ ಬಾಯಿಪಾಠ. “ಅಲ್ಲಿವರೆಗೆ ಇವರೇ ಮ್ಯಾನೇಜರು. ಎದ್ದು ನಿಂತು ಮಾತಾಡಿ.”

ಅವನು ನಿಂತೇ ಇದ್ದ, ಪಾಪ. ತಿರುಗಿ ಹೋಗುವಾಗ ಕುಸ್ತೋದಿಯಾ ಹಿಂದಿನಿಂದ ಕೂಗಿದಳು:

“ಡಾಕ್ಟರೇ, ಮುಂದಿನ ಮ್ಯಾನೇಜರಿಗೆ ಒಂದು ಪೆನ್ನಾದ್ರೂ ಕೊಡ್ಸಿ!”

ನಾನು ಹೊಟ್ಟೆ ತುಂಬ ನಕ್ಕೆ. ಬಹಳ ವರ್ಷಗಳ ಮೇಲೆ ನನ್ನ ಬಗ್ಗೆ ನನಗೇ ಹೆಮ್ಮೆ ಅನಿಸಿತು. ಕುಸ್ತೋದಿಯಾ ಮಾತ್ರ ನಗು ನಿಲ್ಲಿಸಿ ನನ್ನತ್ತ ತಿರುಗಿದಳು.

“ನಾಲ್ಕು ದಿನ ಅಂದ್ರಲ್ಲ ದೋನ್ ಬೆಲಾರ್ಮಿನೊ. ಮತ್ತೆ ಇಲ್ಲೇ ಕೂತಿದೀರಾ? ಇವನ ಸಹಿ ನಮ್ಮನೆಯವರಿಗೊಬ್ಬರಿಗೇ ಆಗತ್ತಾ? ಇನ್ನೂ ಮೂವತ್ತೆಂಟು ಜನರನ್ನ ಹಸಿರು ಮಾಡಿದೀರಲ್ಲ, ಅವರು?”

ನಾನು ಟೈಪ್‌ರೈಟರಿಗೆ ಮುಸುಕು ಹಾಕಿದೆ. ಖಾಲಿ ಮಂಜೂರಾತಿ ಪತ್ರಗಳ ಕಟ್ಟು, ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ವಿಲ್ಡರ್‌ನನ್ನು ಎಬ್ಬಿಸಿದೆ. ಎಲ್ಲರಿಗೂ ತೀರ್ಪು ಮೊದಲೇ ಇತ್ತು, ಬೇಕಾದದ್ದು ಅವನ ಸಹಿ ಮಾತ್ರ. ದಿನಕ್ಕೆ ಹತ್ತು ಮನೆ ಮಾಡಿದರೆ ನಾಲ್ಕು ದಿನಕ್ಕೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ. ಎಲ್ಲಕ್ಕಿಂತ ಹತ್ತಿರದ್ದು ನದಿ ದಂಡೆಯ ಬೀದಿಯಲ್ಲಿದ್ದ ಅನಾತಿಲ್ದೆಯ ಮನೆ. ಇಪ್ಪತ್ತೊಂಬತ್ತನೆಯ ಬಂಧನ ಆ ಮುದುಕಿಗಾಗಿ ಮಾಡಿಸಿದ್ದು. ಅವಳಿಗೆ ಮನೆಯಲ್ಲಿಟ್ಟುಕೊಳ್ಳಲು ಆಮ್ಲಜನಕದ ಸಿಲಿಂಡರ್ ಬೇಕಿತ್ತು.

ಬಾಗಿಲು ತೆರೆದದ್ದು ಅವಳ ಮಗಳು ದೆಯನೀರಾ. ನನ್ನನ್ನು ಕಂಡದ್ದೇ ಮುಖ ಅರಳಿಸಿ, ಒಳಗೆ ಕರೆದು, ಇದ್ದ ಎರಡೂ ಕುರ್ಚಿಗಳನ್ನು ಒರೆಸಿ ಹಾಕಿದಳು. ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತಿತ್ತು, ಹೊಗೆ ಹಜಾರದವರೆಗೂ ಬಂದಿತ್ತು. ನಾನು ಕಾಗದ ತೆಗೆಯುತ್ತಾ, ಅಮ್ಮ ಎಲ್ಲಿ ಎಂದು ಕೇಳಿದೆ.

“ಅಮ್ಮ ಮಾರ್ಚಲ್ಲೇ ಹೋದ್ಲು ದೋನ್ ಬೆಲಾರ್ಮಿನೊ. ನಿಮಗೆ ಹೇಳಿಕಳಿಸ್ಬೇಕಿತ್ತು, ಮರೆತೆ. ಸಿಲಿಂಡರ್ ಬರ್ಲೇ ಇಲ್ಲ, ಬಿಡಿ. ಆದ್ರೆ ಆ ಮ್ಯಾನೇಜರನ್ನ ನೀವು ಒಳಗೆ ಹಾಕ್ಸಿದ್ರಲ್ಲ, ಅವತ್ತು ಅವಳ ಖುಷಿ ನೋಡ್ಬೇಕಿತ್ತು! ಉಸಿರು ಇಲ್ದಿದ್ರೂ ನಕ್ಕಿದ್ದೇ ನಕ್ಕಿದ್ದು. ಬೀದಿಯವರಿಗೆಲ್ಲ ಕಾಫಿ ಮಾಡಿಸಿ ಕೊಟ್ಲು. ನಮ್ಮಂಥೋರ ಪರವಾಗಿ ಯಾರಾದ್ರೂ ಏನಾದ್ರೂ ಮಾಡಿದ್ದು ಅಂತ ಇದ್ರೆ ಅದೊಂದೇ.”

ವಿಲ್ಡರ್ ಕುರ್ಚಿಯ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವಳು ಇಬ್ಬರಿಗೂ ಕಾಫಿ ತಂದಳು. ಲೋಟ ಕೊಡುವಾಗ ಕೆಮ್ಮು ಬಂತು. ಗೋಡೆ ಹಿಡಿದು, ಬಗ್ಗಿ, ಬಹಳ ಹೊತ್ತು ಕೆಮ್ಮಿದಳು. ತಾಯಿಯೂ ಹಾಗೇ ಗೋಡೆ ಹಿಡಿದು ಕೆಮ್ಮುತ್ತಿದ್ದಳು. ಇವಳದ್ದು ಹೊಸ ಅರ್ಜಿ, ಹೊಸ ತೀರ್ಪು, ಅದಕ್ಕೇ ಹತ್ತು ದಿನ ಬೇಕು. ವಿಲ್ಡರ್‌ನ ಸಹಿಗೆ ನಾಲ್ಕು ದಿನದ ಆಯುಸ್ಸು.

“ಒಳ್ಳೇದಾಯ್ತು ನೀವೇ ಬಂದಿದ್ದು,” ಎಂದಳು ಉಸಿರು ಎಳೆದುಕೊಳ್ಳುತ್ತಾ. “ನಂಗೂ ಅದೇ ಶುರುವಾಗಿದೆ. ಸಿಲಿಂಡರ್ ಗಿಲಿಂಡರ್ ಅವರು ಕೊಡಲ್ಲ, ನಂಗೊತ್ತು, ಅದನ್ನ ಕೇಳಲ್ಲ ನಾನು. ಅಮ್ಮಂಗೆ ಮಾಡಿದ ಹಾಗೆ ನಂಗೂ ಒಬ್ಬ ಮ್ಯಾನೇಜರನ್ನ ಒಳಗೆ ಹಾಕ್ಸಿಕೊಡ್ತೀರಾ?”